ಪೇಪರ್ ಇರುವ ನಾಯಿ: ಆ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಜಾತಿ ನಾಯಿಮರಿ ತರೋಣ ಅಂತ ಹುಡುಕಲು ಶುರು ಮಾಡಿದರೆ ಸಾಕು, ಎರಡನೇ ಮಾತಿಗೇ ‘ಪೇಪರ್ಸ್’ ವಿಷಯ ಬರುತ್ತದೆ. ಪೇಪರ್ ಸಮೇತ ಆದರೆ ಒಂದು ರೇಟು, ಬೇಡ ಅಂದರೆ ಇನ್ನೊಂದು ರೇಟು. ಪೇಪರ್ ಇದ್ದರೆ ಅಸಲಿ ತಳಿ, ಒಳ್ಳೆ ಆರೋಗ್ಯ, ನಂಬಿಕಸ್ತ ಬ್ರೀಡರ್. ಇಲ್ಲದಿದ್ದರೆ ಏನೋ ಮೋಸ ಇದೆ ಅಂತ ಕೊಳ್ಳುವವರು ಅಂದುಕೊಳ್ಳುತ್ತಾರೆ. ಮಾರುವವರೂ ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಆ ಮರಿ ಹತ್ತು ಹನ್ನೆರಡು ವರ್ಷ ನಮ್ಮ ಜೊತೆ ಇರುತ್ತದೆ. ಅದರ ಸೊಂಟ, ಕಣ್ಣು, ಹೃದಯ ಹೇಗಿರಬೇಕು ಎನ್ನುವುದರಲ್ಲಿ ಒಂದು ದೊಡ್ಡ ಪಾಲು, ಅದರ ಅಪ್ಪ ಅಮ್ಮನನ್ನು ಜೋಡಿ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ. ಹಾಗಾಗಿ ಆ ಕಾಗದ ನಿಜವಾಗಿ ಏನು ಹೇಳುತ್ತದೆ, ಎಲ್ಲಿಗೆ ಸುಮ್ಮನಾಗುತ್ತದೆ ಅಂತ ತಿಳಿದುಕೊಳ್ಳುವುದು ಮುಖ್ಯ.

ಕಾಗದದ ಒಳಗೆ ಏನಿರುತ್ತದೆ?

ಮೊದಲು ಒಂದೆರಡು ಪದ. ‘ಶುದ್ಧ ತಳಿ’ ಅಂದರೆ ಅಪ್ಪ ಅಮ್ಮ ಇಬ್ಬರೂ ಒಂದೇ ತಳಿಯವರು, ಅವರ ಹಿಂದಿನವರೂ ಅದೇ ತಳಿಯವರು ಎಂದು ದಾಖಲೆ ಇರುವ ನಾಯಿ. ಈ ದಾಖಲೆ ಇಟ್ಟುಕೊಳ್ಳುವ ಸಂಸ್ಥೆಯೇ ಕೆನಲ್ ಕ್ಲಬ್. ಹೆಸರು ಸೇರಿಸುತ್ತಾ ಹೋಗುವ ಪುಸ್ತಕಕ್ಕೆ ಸ್ಟಡ್ ಬುಕ್ ಎನ್ನುತ್ತಾರೆ. ನೋಂದಣಿ ಆದ ಮೇಲೆ ಸಿಗುವ ವಂಶಾವಳಿಯ ಪತ್ರಕ್ಕೆ ಪೆಡಿಗ್ರಿ ಎನ್ನುತ್ತಾರೆ.

ಒಂದು ಪೆಡಿಗ್ರಿ ಪತ್ರವನ್ನು ಕೈಗೆ ತೆಗೆದುಕೊಂಡು ಓದಿ. ಮೇಲ್ಭಾಗದಲ್ಲಿ ನಾಯಿಯ ನೋಂದಾಯಿತ ಹೆಸರು ಇರುತ್ತದೆ. ಮನೆಯಲ್ಲಿ ಕರೆಯುವ ಹೆಸರಲ್ಲ, ಬ್ರೀಡರ್‌ನ ಕೆನಲ್ ಹೆಸರು ಸೇರಿರುವ ಉದ್ದನೆಯ ಹೆಸರು. ಆಮೇಲೆ ತಳಿ, ಗಂಡೋ ಹೆಣ್ಣೋ, ಬಣ್ಣ, ಹುಟ್ಟಿದ ದಿನ, ನೋಂದಣಿ ಸಂಖ್ಯೆ, ಹೆಚ್ಚಿನ ಕಡೆ ಮೈಕ್ರೋಚಿಪ್ ಸಂಖ್ಯೆ. ಬ್ರೀಡರ್ ಯಾರು, ಈಗಿನ ಮಾಲೀಕರು ಯಾರು ಎಂದೂ ಇರುತ್ತದೆ. ಕೆಳಗೆ ಮನೆಮನೆಯಾಗಿ ಹೆಸರುಗಳು: ಅಪ್ಪ ಅಮ್ಮ, ನಾಲ್ಕು ಅಜ್ಜ ಅಜ್ಜಿಯರು, ಎಂಟು ಮುತ್ತಜ್ಜ ಮುತ್ತಜ್ಜಿಯರು. ಮೂರರಿಂದ ಐದು ತಲೆಮಾರಿನವರೆಗೆ ಹೀಗೆ ಸಾಗುತ್ತದೆ. ಕೆಲವು ಹೆಸರಿನ ಮುಂದೆ ಚಾಂಪಿಯನ್ ಎಂಬುದರ ಗುರುತು ಇರುತ್ತದೆ.

ಇದು ಹೆಚ್ಚೂಕಮ್ಮಿ ನಮ್ಮ ಜನನ ಪ್ರಮಾಣಪತ್ರ ಇದ್ದ ಹಾಗೆ. ಮಗು ಯಾವಾಗ ಹುಟ್ಟಿತು, ಅಪ್ಪ ಅಮ್ಮ ಯಾರು ಎಂದು ಅದು ಹೇಳುತ್ತದೆ. ಮಗುವಿನ ಆರೋಗ್ಯದ ಬಗ್ಗೆ, ಬೆಳೆಸಿದ ರೀತಿಯ ಬಗ್ಗೆ ಒಂದು ಅಕ್ಷರವೂ ಅದರಲ್ಲಿ ಇರುವುದಿಲ್ಲ.

“ಪೇಪರ್ ಇದೆ ಅಂದ್ರೆ ಕ್ವಾಲಿಟಿ ಗ್ಯಾರಂಟಿ”

ಎಲ್ಲಕ್ಕಿಂತ ಜಾಸ್ತಿ ಹಬ್ಬಿರುವ ನಂಬಿಕೆ ಇದು. ಅಮೆರಿಕದ ಕೆನಲ್ ಕ್ಲಬ್, ಅಂದರೆ ಎಕೆಸಿ, ತಾನೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ನೋಂದಣಿ ಪತ್ರವು ನಾಯಿಯ ಗುಣಮಟ್ಟಕ್ಕಾಗಲೀ ಆರೋಗ್ಯಕ್ಕಾಗಲೀ ಖಾತರಿ ಅಲ್ಲ. ಅಪ್ಪ ಅಮ್ಮ ಇಬ್ಬರೂ ನೋಂದಣಿ ಆಗಿದ್ದರೆ, ಮರಿಗಳು ಕುರುಡಾಗಿ ಹುಟ್ಟಿದರೂ ನೋಂದಣಿಗೆ ಅರ್ಹವೇ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ಬರೆಯುವ ಮುಂಚೆ ಪ್ರತಿ ಮರಿಯ ಡಿಎನ್‌ಎ ತೆಗೆದು ನೋಡುವುದು ಸಾಮಾನ್ಯ ಪದ್ಧತಿ ಅಲ್ಲ. ಬಹುತೇಕ ಬ್ರೀಡರ್ ಬರೆದುಕೊಟ್ಟದ್ದನ್ನೇ ನಂಬಿ ದಾಖಲೆ ಮಾಡಿಕೊಳ್ಳುತ್ತಾರೆ. ಎಕೆಸಿ ಕೂಡ ಡಿಎನ್‌ಎ ಪ್ರೊಫೈಲ್ ಕಡ್ಡಾಯ ಮಾಡಿರುವುದು ಮುಖ್ಯವಾಗಿ ಪದೇಪದೇ ಬಳಸುವ ಗಂಡು ನಾಯಿಗಳಿಗೆ. ಒಂದು ಗಂಡು ನಾಯಿ ತನ್ನ ಜೀವಮಾನದಲ್ಲಿ 7 ಸೂಲುಗಳಿಗೆ ಅಪ್ಪನಾದರೆ, ಅಥವಾ ಒಂದೇ ವರ್ಷದಲ್ಲಿ 3ಕ್ಕಿಂತ ಹೆಚ್ಚು ಸೂಲುಗಳಿಗೆ ಅಪ್ಪನಾದರೆ ಪ್ರೊಫೈಲ್ ಬೇಕು. ಉಳಿದದ್ದು ಬ್ರೀಡರ್‌ನ ಪ್ರಾಮಾಣಿಕತೆಗೆ ಬಿಟ್ಟದ್ದು. ಪತ್ರ ಅಸಲಿಯೇ ಇದ್ದರೂ ಅದರಲ್ಲಿರುವ ಅಪ್ಪ ಬೇರೆಯವನಿರಬಹುದು. ಒಂದೇ ಬೆದೆಯಲ್ಲಿ ಹೆಣ್ಣು ಎರಡು ಗಂಡುಗಳ ಜೊತೆ ಸೇರಿದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟಬಹುದು. ಇದು ಕಟ್ಟುಕಥೆ ಅಲ್ಲ, ನಾಯಿಗಳಲ್ಲಿ ನಿಜವಾಗಿ ಆಗುತ್ತದೆ.

ಎಲ್ಲಾ ಕಡೆ ನಿಯಮ ಒಂದೇ ಥರ ಇಲ್ಲ ಎನ್ನುವುದನ್ನೂ ಹೇಳಬೇಕು. ಜರ್ಮನಿಯ ಜರ್ಮನ್ ಶೆಫರ್ಡ್ ಸಂಘ ತಳಿಗೆ ಬಳಸುವ ನಾಯಿಗಳ ಸೊಂಟದ ಎಕ್ಸ್‌ರೇ, ಓಟದ ತಾಳ್ಮೆಯ ಪರೀಕ್ಷೆ, ಕೆಲಸದ ಪರೀಕ್ಷೆ ಎಲ್ಲ ಕೇಳುತ್ತದೆ. ಅಂಥ ಕಡೆ ಪತ್ರಕ್ಕೆ ಸ್ವಲ್ಪ ಜಾಸ್ತಿ ತೂಕ ಇದೆ. ಇನ್ನೊಂದು ತುದಿಯಲ್ಲಿ, ಫೋಟೋ ಮತ್ತು ಶುಲ್ಕ ಕಳಿಸಿದರೆ ಸಾಕು, ಚೆಂದದ ಸರ್ಟಿಫಿಕೇಟ್ ಅಚ್ಚು ಹಾಕಿ ಕೊಡುವ ಸಂಸ್ಥೆಗಳೂ ಇವೆ. ಆದ್ದರಿಂದ ‘ಪೇಪರ್ ಇದೆಯಾ’ ಅಂತ ಕೇಳಿದ ಮೇಲೆ ‘ಯಾರು ಕೊಟ್ಟ ಪೇಪರ್’ ಅಂತಲೂ ಕೇಳಬೇಕು.

ಚಾಂಪಿಯನ್ ಗುರುತಿನ ಕಥೆಯೂ ಇದೇ. ‘ಚಾಂಪಿಯನ್ ಬ್ಲಡ್‌ಲೈನ್’ ಅಂತ ಮಾರುವಾಗ, ಆ ಚಾಂಪಿಯನ್ ಎಷ್ಟನೇ ಮನೆಯಲ್ಲಿದ್ದಾನೆ ಅಂತ ನೋಡಿ. ಮುತ್ತಜ್ಜ ಆಗಿದ್ದರೆ ಅವನಿಂದ ಮರಿಗೆ ಬಂದಿರುವುದು ಸರಾಸರಿ 12.5% ಅಷ್ಟೇ. ಅದೂ ಅಲ್ಲದೆ, ಶೋನಲ್ಲಿ ಗೆಲ್ಲುವುದು ತಳಿಯ ‘ಸ್ಟ್ಯಾಂಡರ್ಡ್’ಗೆ ಎಷ್ಟು ಹೊಂದುತ್ತದೆ ಎನ್ನುವುದರ ಮೇಲೆ. ತೀರ್ಪುಗಾರರು ಮೈಕಟ್ಟು, ನಡಿಗೆ, ಕೂದಲು, ಹಲ್ಲಿನ ಜೋಡಣೆ ನೋಡುತ್ತಾರೆ. ಮೂತ್ರಪಿಂಡವನ್ನು ನೋಡುವುದಕ್ಕೆ ಅವರಿಗೆ ದಾರಿ ಇಲ್ಲ.

“ಈ ತಳಿ ಸಾವಿರಾರು ವರ್ಷದಿಂದ ಹೀಗೇ ಇದೆ”

ನಾಯಿ ಮನುಷ್ಯನ ಜೊತೆ ಬಂದು ಹತ್ತು ಸಾವಿರ ವರ್ಷಕ್ಕೂ ಮೇಲಾಯಿತು, ಅದು ನಿಜ. ಆದರೆ ಇವತ್ತು ನಾವು ಹೆಸರು ಹಿಡಿದು ಕರೆಯುವ ತಳಿಗಳಲ್ಲಿ ಬಹುಪಾಲು ತುಂಬಾ ಎಳೆಯವು. ಹಿಂದೆ ಕಾವಲಿಗೆ, ಬೇಟೆಗೆ, ಕುರಿ ಕಾಯುವುದಕ್ಕೆ ಅಂತ ಕೆಲಸದ ಮೇಲೆ ನಾಯಿ ಆರಿಸುತ್ತಿದ್ದರು. ಕೆಲಸ ಚೆನ್ನಾಗಿ ಮಾಡುವ ನಾಯಿ ಸಿಕ್ಕರೆ ಅದರ ಬಣ್ಣ, ಕಿವಿ ಯಾರೂ ನೋಡುತ್ತಿರಲಿಲ್ಲ.

ಇದು ಬದಲಾದದ್ದು 19ನೇ ಶತಮಾನದಲ್ಲಿ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಾಗ್ ಶೋ ನಡೆಯಿತು. ಅಲ್ಲಿ ಇದ್ದದ್ದು ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಬೇಟೆನಾಯಿಗಳು ಮಾತ್ರ. 1873ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿತು, ಮರುವರ್ಷ ಅದರ ಮೊದಲ ಸ್ಟಡ್ ಬುಕ್ ಬಂತು. ಎಕೆಸಿ 1884ರದ್ದು. ಬೇರೆ ಬೇರೆ ದೇಶಗಳ ಕ್ಲಬ್‌ಗಳನ್ನು ಒಂದುಗೂಡಿಸುವ ಎಫ್‌ಸಿಐ 1911ರದ್ದು. ಜರ್ಮನ್ ಶೆಫರ್ಡ್ ತಳಿಯನ್ನೇ ತೆಗೆದುಕೊಳ್ಳಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಹೊರಾಂಡ್ ಎಂಬ ಒಂದು ನಾಯಿಯನ್ನು ಕೊಂಡು, ಅದನ್ನೇ ಪುಸ್ತಕದ ಮೊದಲ ನಾಯಿಯಾಗಿ ಬರೆಸಿದರು. ಅದಕ್ಕೂ ಮುಂಚೆ ಇದ್ದವು ಜರ್ಮನಿಯ ಬೇರೆ ಬೇರೆ ಭಾಗದ ಕುರಿನಾಯಿಗಳು. ಆಕಾರದಲ್ಲಿ, ಬಣ್ಣದಲ್ಲಿ ಒಂದರ ಹಾಗೆ ಒಂದಿರಲಿಲ್ಲ.

ಅಂದರೆ ಶುದ್ಧ ತಳಿ ಎನ್ನುವುದಕ್ಕೆ ಒಂದು ಶುರುವಿನ ದಿನ ಇದೆ. ಪುಸ್ತಕಕ್ಕೆ ಮೊದಲು ಹೆಸರು ಬರೆಸಿಕೊಂಡ ನಾಯಿಗಳು ಯಾವ್ಯಾವುದೋ ಬೆರಕೆಯಿಂದಲೇ ಬಂದವು.

ಪುಸ್ತಕ ಮುಚ್ಚಿದ ಮೇಲೆ

ಮೊದಲ ನಾಯಿಗಳ ಹೆಸರು ಬರೆದಾದ ಮೇಲೆ ಹೆಚ್ಚಿನ ತಳಿಗಳಲ್ಲಿ ಸ್ಟಡ್ ಬುಕ್ ಮುಚ್ಚುತ್ತಾರೆ. ಅಲ್ಲಿಂದ ಮುಂದೆ, ಪುಸ್ತಕದಲ್ಲಿ ಇರುವವರ ಮಕ್ಕಳಿಗೆ ಮಾತ್ರ ಜಾಗ. ಹೊರಗಿನಿಂದ ಹೊಸ ರಕ್ತ ಬರುವುದಿಲ್ಲ. ತಳಿಯ ರೂಪ ಕೆಡದೆ ಉಳಿಯುವುದು ಇದರಿಂದಲೇ. ಆದರೆ ಇದಕ್ಕೆ ಒಂದು ಬೆಲೆಯೂ ಇದೆ: ಮೊದಲ ಕೆಲವು ನಾಯಿಗಳಲ್ಲಿ ಅಡಗಿದ್ದ ದೋಷ ಇಡೀ ತಳಿಗೆ ಅಂಟಿಕೊಂಡು ಬಿಡಬಹುದು.

ಇದಕ್ಕೆ ಡಾಲ್ಮೇಷಿಯನ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ನಾಯಿ. ಬೇರೆ ನಾಯಿಗಳ ಮೈಯಲ್ಲಿ ಯೂರಿಕ್ ಆಮ್ಲ ಬೇರೆ ವಸ್ತುವಾಗಿ ಬದಲಾಗಿ ಸುಲಭವಾಗಿ ಹೊರಹೋಗುತ್ತದೆ. ಡಾಲ್ಮೇಷಿಯನ್‌ಗಳಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ ಇರುತ್ತದೆ, ಕಲ್ಲು ಕಟ್ಟುತ್ತದೆ. ಗಂಡು ನಾಯಿಗಳಿಗೆ ಮೂತ್ರನಾಳ ಕಟ್ಟಿ ಪ್ರಾಣಕ್ಕೇ ಬರುವುದುಂಟು. ಕಷ್ಟ ಏನೆಂದರೆ, ಪುಸ್ತಕದಲ್ಲಿದ್ದ ಎಲ್ಲಾ ಡಾಲ್ಮೇಷಿಯನ್‌ಗಳಲ್ಲೂ ಕೆಟ್ಟ ಜೀನ್ ಇತ್ತು. ಎಷ್ಟೇ ಹುಷಾರಾಗಿ ಜೋಡಿ ಆರಿಸಿದರೂ ಸರಿಯಾದ ಜೀನ್ ತಳಿಯ ಒಳಗೆ ಸಿಗುವ ಹಾಗೇ ಇರಲಿಲ್ಲ.

1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಷಿಯನ್ ಅನ್ನು ಒಂದು ಪಾಯಿಂಟರ್ ನಾಯಿಯೊಂದಿಗೆ ಜೋಡಿ ಮಾಡಿಸಿದರು. ಒಂದೇ ಒಂದು ಸಲ. ಆಮೇಲೆ ಪ್ರತಿ ತಲೆಮಾರಿನಲ್ಲೂ ಸರಿಯಾದ ಜೀನ್ ಇರುವ ಮರಿಯನ್ನು ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಹೋದರು. ಲೆಕ್ಕ ನೋಡಿ: ಪ್ರತಿ ಸಲ ಪಾಯಿಂಟರ್ ಪಾಲು ಅರ್ಧ ಆಗುತ್ತದೆ. ಹತ್ತು ತಲೆಮಾರಿನ ಹೊತ್ತಿಗೆ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೋಡಲು ಪೂರ್ತಿ ಡಾಲ್ಮೇಷಿಯನ್, ಮೂತ್ರ ಮಾತ್ರ ಬೇರೆ ನಾಯಿಗಳ ಹಾಗೆ.

ಆದರೂ ಇವನ್ನು ಪುಸ್ತಕಕ್ಕೆ ಸೇರಿಸಲು ದಶಕಗಳೇ ಹಿಡಿದವು. 1981ರಲ್ಲಿ ಎಕೆಸಿ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಯ ಸಂಘದವರು ವಿರೋಧಿಸಿದ್ದರಿಂದ ಅದು ಅಲ್ಲಿಗೇ ನಿಂತಿತು. ಕೊನೆಗೆ 2011ರಲ್ಲಿ ಬಾಗಿಲು ತೆರೆಯಿತು. ಅಷ್ಟು ವರ್ಷ, ಕಲ್ಲು ಕಟ್ಟುವ ನಾಯಿಗೆ ಪೇಪರ್ ಇತ್ತು, ಕಟ್ಟದ ನಾಯಿಗೆ ಇರಲಿಲ್ಲ. ಈ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಬೇರೆ ತಳಿಯ ಹನಿ ರಕ್ತ ಬಿದ್ದರೂ ತಳಿ ಕೆಟ್ಟಿತು’ ಎನ್ನುವ ನಂಬಿಕೆಯ ಲೆಕ್ಕವನ್ನು ಎಷ್ಟೋ ನಾಯಿಗಳು ನೋವಿನಲ್ಲಿ ತೀರಿಸಿದವು.

ಪುಸ್ತಕ ತೆರೆಯುವುದು ಅಪರೂಪ, ಆದರೆ ಅಸಾಧ್ಯ ಅಲ್ಲ. ಬಸೆಂಜಿ ತಳಿಗಾಗಿ ಆಫ್ರಿಕಾದಿಂದ ತಂದ ಕೆಲವು ನಾಯಿಗಳನ್ನು ಎಕೆಸಿ 1990ರಲ್ಲಿ ಸೇರಿಸಿಕೊಂಡಿತು. ಬಾರ್ಡರ್ ಕೋಲಿ ಕುರಿನಾಯಿಗಳ ಅಂತರರಾಷ್ಟ್ರೀಯ ಸಂಘವಂತೂ, ಪೇಪರ್ ಇಲ್ಲದ ನಾಯಿ ಕೆಲಸದಲ್ಲಿ ತನ್ನ ಯೋಗ್ಯತೆ ತೋರಿಸಿದರೆ ಪುಸ್ತಕಕ್ಕೆ ಸೇರಿಸಿಕೊಳ್ಳುವ ದಾರಿ ಇಟ್ಟುಕೊಂಡಿದೆ.

ಹತ್ತಿರದ ಸಂಬಂಧದಲ್ಲಿ ಜೋಡಿ

ಒಂದೇ ತಳಿಯ ನಾಯಿಗಳೆಲ್ಲ ಹೇಗೂ ನೆಂಟರೇ. ಎಷ್ಟು ಹತ್ತಿರದ ನೆಂಟರು ಎನ್ನುವುದೇ ಪ್ರಶ್ನೆ. ಇದನ್ನು ಅಳೆಯಲು ಒಂದು ಶೇಕಡಾ ಲೆಕ್ಕ ಇದೆ: ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಜೀನ್‌ನ ಎರಡೂ ಪ್ರತಿ ಒಬ್ಬನೇ ಪೂರ್ವಜನದ್ದಾಗಿರುವ ಸಾಧ್ಯತೆ. ಅಪ್ಪ-ಮಗಳು ಅಥವಾ ಒಡಹುಟ್ಟಿದವರನ್ನು ಕೂಡಿಸಿದರೆ ಮರಿಗಳಿಗೆ 25%. ಅಜ್ಜ-ಮೊಮ್ಮಗಳಾದರೆ 12.5%. ಅಣ್ಣತಮ್ಮಂದಿರ ಮಕ್ಕಳಾದರೆ 6.25%. ಹಿಂದಿನ ತಲೆಮಾರುಗಳಲ್ಲೂ ಹೀಗೇ ಆಗಿದ್ದರೆ ಈ ಅಂಕಿ ಇನ್ನೂ ಏರುತ್ತದೆ. ಏರಿದಷ್ಟೂ ಒಂದೇ ದೋಷದ ಎರಡು ಪ್ರತಿ ಒಂದೇ ಮರಿಯಲ್ಲಿ ಸೇರುವ ಸಾಧ್ಯತೆ ಹೆಚ್ಚು. ಸೂಲಿನಲ್ಲಿ ಮರಿಗಳ ಸಂಖ್ಯೆಯೂ ಕಡಿಮೆ ಆಗುತ್ತಾ ಬರುತ್ತದೆ.

ಬ್ರೀಡರ್‌ಗಳಲ್ಲಿ ಇದಕ್ಕೆ ‘ಲೈನ್ ಬ್ರೀಡಿಂಗ್’ ಎನ್ನುವ ಹೆಸರಿದೆ. ಒಬ್ಬ ಒಳ್ಳೆ ಪೂರ್ವಜನ ಗುಣ ಗಟ್ಟಿ ಮಾಡಲು ಹೀಗೆ ಮಾಡುತ್ತಾರೆ. ಗಟ್ಟಿ ಆಗುವುದು ಒಳ್ಳೆ ಗುಣ ಒಂದೇ ಅಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ 2009ರಿಂದ ಅಪ್ಪ-ಮಗಳು, ಅಮ್ಮ-ಮಗ, ಅಣ್ಣ-ತಂಗಿ ಜೋಡಿಯ ಮರಿಗಳ ನೋಂದಣಿ ನಿಲ್ಲಿಸಿತು. ಪೆಡಿಗ್ರಿ ಪತ್ರದಲ್ಲಿ ಅಪ್ಪನ ಕಡೆಯೂ ಅಮ್ಮನ ಕಡೆಯೂ ಒಂದೇ ಹೆಸರು ಕಂಡರೆ ಏಕೆ, ಎಷ್ಟು ಹತ್ತಿರ ಎಂದು ಕೇಳಲು ನಿಮಗೆ ಹಕ್ಕಿದೆ.

“ಕ್ಯಾರಿಯರ್ ಅಂದ್ರೆ ಕೈಬಿಡಬೇಕಾದ ನಾಯಿ”

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಪ್ರತಿ ಜೀನ್‌ನ ಎರಡು ಪ್ರತಿ ನಾಯಿಯಲ್ಲಿರುತ್ತದೆ. ಒಂದು ಅಪ್ಪನದು, ಒಂದು ಅಮ್ಮನದು. ಎಷ್ಟೋ ಕಾಯಿಲೆಗಳು ಬರಬೇಕಾದರೆ ಎರಡೂ ಕೆಟ್ಟಿರಬೇಕು. ಒಂದು ಮಾತ್ರ ಕೆಟ್ಟಿದ್ದರೆ ನಾಯಿ ಆರಾಮಾಗಿರುತ್ತದೆ, ಆದರೆ ಮರಿಗೆ ದಾಟಿಸಬಹುದು. ಇದೇ ಕ್ಯಾರಿಯರ್.

ಇಬ್ಬರು ಕ್ಯಾರಿಯರ್‌ಗಳು ಜೋಡಿಯಾದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ 25%. ಕ್ಯಾರಿಯರ್ ಆಗುವ ಸಾಧ್ಯತೆ 50%. ಪೂರ್ತಿ ಕ್ಲಿಯರ್, ಅಂದರೆ ಎರಡೂ ಪ್ರತಿ ಸರಿ ಇರುವ ಸಾಧ್ಯತೆ 25%. ಇದನ್ನು ‘ನಾಲ್ಕು ಮರಿಯಲ್ಲಿ ಒಂದಕ್ಕೆ ಬಂದೇ ಬರುತ್ತದೆ’ ಎಂದು ಓದಬಾರದು. ಎಂಟು ಮರಿಯ ಸೂಲಿನಲ್ಲಿ ಒಂದಕ್ಕೂ ಬರದೇ ಇರಬಹುದು, ನಾಲ್ಕಕ್ಕೆ ಬರಬಹುದು. ‘ಹೋದ ಸೂಲಿನಲ್ಲಿ ಏನೂ ಆಗಲಿಲ್ಲ, ಆದ್ದರಿಂದ ಈ ಜೋಡಿ ಸುರಕ್ಷಿತ’ ಎನ್ನುವ ಮಾತು ನಿಲ್ಲದೇ ಇರುವುದು ಇದಕ್ಕೇ.

ಈಗ ಕ್ಯಾರಿಯರ್ ಒಂದನ್ನು ಕ್ಲಿಯರ್ ನಾಯಿಯೊಂದಿಗೆ ಕೂಡಿಸಿ. ಒಂದು ಮರಿಗೂ ಆ ಕಾಯಿಲೆ ಬರುವುದಿಲ್ಲ. ಸರಾಸರಿ ಅರ್ಧದಷ್ಟು ಮರಿಗಳು ಕ್ಯಾರಿಯರ್ ಆಗುತ್ತವೆ, ಅಷ್ಟೇ. ಮುಂದಿನ ತಲೆಮಾರಿಗೆ ಕ್ಲಿಯರ್ ಮರಿಗಳನ್ನು ಆರಿಸಿಕೊಳ್ಳಬಹುದು. ಕ್ಯಾರಿಯರ್‌ಗಳನ್ನೆಲ್ಲ ಒಂದೇ ಏಟಿಗೆ ತಳಿಯಿಂದ ಹೊರಹಾಕಿದರೆ, ಅವುಗಳ ಜೊತೆ ಒಳ್ಳೆ ಜೀನ್‌ಗಳೂ ಹೋಗುತ್ತವೆ. ಮೊದಲೇ ಚಿಕ್ಕದಾಗಿದ್ದ ಗುಂಪು ಇನ್ನೂ ಚಿಕ್ಕದಾಗುತ್ತದೆ, ಆಗ ಇನ್ನೊಂದು ಕಾಯಿಲೆ ತಲೆ ಎತ್ತುತ್ತದೆ. ‘ಅಮ್ಮ ಕ್ಯಾರಿಯರ್, ಅದಕ್ಕೇ ಕ್ಲಿಯರ್ ಗಂಡಿಗೆ ಕೂಡಿಸಿದೆ’ ಅಂತ ರಿಪೋರ್ಟ್ ತೋರಿಸುವ ಬ್ರೀಡರ್, ಪರೀಕ್ಷೆಯನ್ನೇ ಮಾಡಿಸದವರಿಗಿಂತ ಎಷ್ಟೋ ಪಾಲು ಮೇಲು.

‘ಡಿಎನ್‌ಎ ಟೆಸ್ಟ್ ಕ್ಲಿಯರ್’ ಎನ್ನುವುದಕ್ಕೂ ಮಿತಿ ಇದೆ. ಆ ಮಾತು ಪರೀಕ್ಷೆ ಮಾಡಿದ ಕಾಯಿಲೆಗೆ ಮಾತ್ರ ಅನ್ವಯಿಸುತ್ತದೆ. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್ಪ್ಲೇಸಿಯಾದಂಥ ತೊಂದರೆಯಲ್ಲಿ ಬಹಳ ಜೀನ್‌ಗಳ ಜೊತೆ ತೂಕ, ಆಹಾರ, ಓಡಾಟ ಎಲ್ಲ ಸೇರುತ್ತವೆ. ಅದಕ್ಕೆ ಬೇಕಾದದ್ದು ಅಪ್ಪ ಅಮ್ಮನ ಎಕ್ಸ್‌ರೇ. ಅಮೆರಿಕದಲ್ಲಿ 1966ರಿಂದ ಇರುವ ಓಎಫ್‌ಎ ಎಂಬ ಸಂಸ್ಥೆ ಸೊಂಟಕ್ಕೆ ಅಂತಿಮ ದರ್ಜೆ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಇನ್ನು, ‘ವೆಟ್ ಚೆಕ್ ಆಗಿದೆ’ ಅಂದರೆ ಮರಿಯನ್ನು ಡಾಕ್ಟರ್ ಒಮ್ಮೆ ನೋಡಿದ್ದಾರೆ ಎಂದಷ್ಟೇ ಅರ್ಥ. ಅದು ಈ ಪರೀಕ್ಷೆಗಳ ಜಾಗ ತುಂಬುವುದಿಲ್ಲ.

ಹಾಗಾದರೆ ಬೆರಕೆ ನಾಯಿಯೇ ಗಟ್ಟಿಯಾ?

ಪೂರ್ತಿ ಹೌದೂ ಅಲ್ಲ, ಪೂರ್ತಿ ಅಲ್ಲವೂ ಅಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದವರು 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ ಇಟ್ಟುಕೊಂಡು 24 ಆನುವಂಶಿಕ ಕಾಯಿಲೆಗಳನ್ನು ಹೋಲಿಸಿದರು. 10 ಕಾಯಿಲೆ ಶುದ್ಧ ತಳಿಗಳಲ್ಲಿ ಜಾಸ್ತಿ. 13ರಲ್ಲಿ ವ್ಯತ್ಯಾಸ ಇಲ್ಲ. ಒಂದು, ಮೊಣಕಾಲಿನ ಲಿಗಮೆಂಟ್ ಹರಿಯುವುದು, ಬೆರಕೆ ನಾಯಿಗಳಲ್ಲೇ ಜಾಸ್ತಿ.

ಎರಡು ತಳಿ ಸೇರಿಸಿ ಮಾಡಿದ ‘ಡಿಸೈನರ್’ ನಾಯಿಗಳ ಬಗ್ಗೆಯೂ ಇಂಥದೇ ಭ್ರಮೆ ಇದೆ. 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್, ನಾಯಿಕೂದಲಿನ ಅಲರ್ಜಿ ಇರುವ ಮನೆಯೊಂದಕ್ಕೆ ಮಾರ್ಗದರ್ಶಿ ನಾಯಿ ಬೇಕೆಂದು ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲಿನ ಮಾದರಿ ಕಳಿಸಿ ನೋಡಿದರೆ ಅಲರ್ಜಿ ಆಗದೇ ಇದ್ದದ್ದು ಒಂದರಿಂದ ಮಾತ್ರ. ಅಪ್ಪ ಅಮ್ಮ ಇಬ್ಬರ ಒಳ್ಳೆಯದೇ ಮರಿಗೆ ಬರಬೇಕು ಎಂಬ ನಿಯಮ ಪ್ರಕೃತಿಯಲ್ಲಿ ಇಲ್ಲ. ಎರಡೂ ತಳಿಗಳಿಗೆ ಸೊಂಟದ ತೊಂದರೆ ಇದ್ದರೆ ಅವುಗಳ ಬೆರಕೆಗೂ ಬರಬಹುದು.

ಇನ್ನು ಕೆಲವು, ಬೇಗ ಬೇಗ

ಹೆಣ್ಣು ನಾಯಿ ಒಮ್ಮೆ ಬೀದಿನಾಯಿಯೊಂದಿಗೆ ಸೇರಿದರೆ ಅದರ ಮುಂದಿನ ಸೂಲುಗಳೂ ಕೆಡುತ್ತವೆ ಎನ್ನುತ್ತಾರೆ. ಸುಳ್ಳು. ಪ್ರತಿ ಸೂಲಿನ ಮರಿಗಳಿಗೂ ಆ ಸಲ ಕೂಡಿದ ಗಂಡೇ ಅಪ್ಪ. ಹಿಂದಿನವನ ಗುರುತು ಗರ್ಭಕೋಶದಲ್ಲಿ ಉಳಿಯುವುದಿಲ್ಲ. 1890ರ ದಶಕದಲ್ಲೇ ಸ್ಕಾಟ್ಲೆಂಡಿನ ಪ್ರಾಣಿವಿಜ್ಞಾನಿ ಜೇಮ್ಸ್ ಕೊಸಾರ್ ಎವರ್ಟ್ ಜೀಬ್ರಾ ಮತ್ತು ಕುದುರೆಗಳನ್ನು ಕೂಡಿಸಿ ಇದನ್ನು ಪರೀಕ್ಷಿಸಿ, ಆಧಾರ ಇಲ್ಲ ಎಂದು ತೋರಿಸಿದ್ದರು.

‘ಆರೋಗ್ಯಕ್ಕೆ ಒಂದು ಸಲವಾದರೂ ಮರಿ ಹಾಕಬೇಕು’ ಎನ್ನುವುದಕ್ಕೂ ಆಧಾರ ಇಲ್ಲ. ಬಸಿರು, ಹೆರಿಗೆ ಎರಡರಲ್ಲೂ ಅಪಾಯ ಇದ್ದೇ ಇದೆ, ಅದರಿಂದ ಹೆಣ್ಣಿಗೆ ಸಿಗುವ ಲಾಭ ಏನೂ ಇಲ್ಲ.

‘ಅಪರೂಪದ ಬಣ್ಣ’ ಅಂದ ಕೂಡಲೇ ಎಚ್ಚರ ಆಗಬೇಕು. ಚಿತ್ತಾರದಂತೆ ಕಾಣುವ ಮರ್ಲ್ ಬಣ್ಣ ನೋಡಲು ಚೆಂದ. ಆದರೆ ಮರ್ಲ್ ಇರುವ ಇಬ್ಬರನ್ನು ಕೂಡಿಸಿದರೆ ಪ್ರತಿ ಮರಿಗೂ ಮರ್ಲ್ ಜೀನ್‌ನ ಎರಡು ಪ್ರತಿ ಸಿಗುವ ಸಾಧ್ಯತೆ 25%. ಅಂಥ ಮರಿಗಳು ಕಿವುಡಾಗಿ, ಕಣ್ಣು ಸರಿಯಾಗಿ ಬೆಳೆಯದೆ ಹುಟ್ಟುವುದು ತುಂಬಾ ಹೆಚ್ಚು. ಹಾಗೇ ತೀರಾ ಪುಟ್ಟ ನಾಯಿಗಳಿಗೆ ಇಡುವ ‘ಟೀಕಪ್’ ಎನ್ನುವುದು ದೊಡ್ಡ ಕೆನಲ್ ಕ್ಲಬ್‌ಗಳು ಒಪ್ಪಿದ ಅಳತೆ ಅಲ್ಲ, ಮಾರಾಟದ ಹೆಸರು.

ಸ್ವಭಾವದ ಮಾತೂ ಇದೆ. ‘ಈ ತಳಿ ಮಕ್ಕಳ ಜೊತೆ ಪಾಪ, ಆ ತಳಿ ಕಚ್ಚುತ್ತದೆ’ ಅಂತ ಸಲೀಸಾಗಿ ಹೇಳಿಬಿಡುತ್ತಾರೆ, ಅಲ್ವಾ? 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 18,385 ನಾಯಿಗಳ ಮಾಲೀಕರನ್ನು ಪ್ರಶ್ನಿಸಿ, 2,155 ನಾಯಿಗಳ ಡಿಎನ್‌ಎ ಓದಿದರು. ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ ಎಂದು ತಿಳಿಯಿತು. ಕುರಿ ಅಟ್ಟುವ ಒಲವಿನಂಥ ಗುಣಗಳಲ್ಲಿ ತಳಿಯ ಪ್ರಭಾವ ಇದೆ. ಆದರೆ ಎದುರಿಗಿರುವ ಮರಿ ಮುಂದೆ ಹೇಗಾಗುತ್ತದೆ ಎನ್ನುವುದಕ್ಕೆ ತಳಿಯ ಹೆಸರಿಗಿಂತ, ಅಪ್ಪ ಅಮ್ಮನ ಸ್ವಭಾವ ಮತ್ತು ಮರಿಯನ್ನು ಬೆಳೆಸಿದ ರೀತಿ ಹೆಚ್ಚು ಸುಳಿವು ಕೊಡುತ್ತವೆ.

ಮರಿ ಕೈಗೆ ಬರುವ ಹೊತ್ತಿಗೆ

ನೋಂದಣಿ ಪತ್ರ ಬೇಡವೇ ಬೇಡ ಅಂತ ಇದರ ಅರ್ಥ ಅಲ್ಲ. ಅಪ್ಪ ಅಮ್ಮ ಯಾರೆಂದು ತಿಳಿದರೆ ತಾನೇ ಅವರ ಪರೀಕ್ಷೆಗಳ ಫಲಿತಾಂಶ ಹುಡುಕಲು ಸಾಧ್ಯ. ಪತ್ರದ ದೊಡ್ಡ ಉಪಯೋಗವೇ ಅದು. ಆದ್ದರಿಂದ ಅದನ್ನು ಹಿಡಿದುಕೊಂಡು ಮುಂದಿನದನ್ನು ಕೇಳಿ. ಈ ತಳಿಗೆ ಸಾಮಾನ್ಯವಾಗಿ ಬರುವ ಕಾಯಿಲೆ ಯಾವುದು, ಅದಕ್ಕೆ ಅಪ್ಪ ಅಮ್ಮ ಇಬ್ಬರಿಗೂ ಪರೀಕ್ಷೆ ಆಗಿದೆಯಾ, ರಿಪೋರ್ಟ್‌ನಲ್ಲಿರುವ ನೋಂದಣಿ ಸಂಖ್ಯೆ ಪೆಡಿಗ್ರಿಯಲ್ಲಿರುವ ಸಂಖ್ಯೆಗೆ ತಾಳೆ ಆಗುತ್ತದೆಯಾ? ಅಮ್ಮನನ್ನು ಮರಿಗಳ ಜೊತೆ ನೋಡಲು ಬಿಡುತ್ತಾರಾ? ಅಪ್ಪ ಬೇರೆ ಊರಲ್ಲಿರುವುದು ಸಹಜ. ಅಮ್ಮ ಇಲ್ಲ ಅಂದರೆ ಮಾತ್ರ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

ಎರಡು ವಿಷಯ ಹಣ ಕೊಡುವ ಮುಂಚೆಯೇ ಇತ್ಯರ್ಥ ಆಗಲಿ. ಒಂದು, ನೋಂದಣಿ ಯಾವ ಬಗೆಯದು ಎನ್ನುವುದು. ಕೆಲವು ಬ್ರೀಡರ್‌ಗಳು ಸೀಮಿತ ನೋಂದಣಿ ಕೊಡುತ್ತಾರೆ. ಆ ನಾಯಿ ಶುದ್ಧ ತಳಿಯೇ, ಆದರೆ ಅದಕ್ಕೆ ಹುಟ್ಟುವ ಮರಿಗಳನ್ನು ನೋಂದಾಯಿಸಲು ಆಗುವುದಿಲ್ಲ. ಇದು ದೋಷದ ಗುರುತಲ್ಲ, ಸಾಕುವುದಕ್ಕೆ ಮಾತ್ರ ಕೊಟ್ಟಿದ್ದೇವೆ ಎಂಬ ಷರತ್ತು. ಇನ್ನೊಂದು, ಮಾಲೀಕತ್ವದ ವರ್ಗಾವಣೆ. ಪತ್ರದಲ್ಲಿ ಬ್ರೀಡರ್ ಹೆಸರೇ ಉಳಿದಿದ್ದರೆ ಕ್ಲಬ್ಬಿನ ಲೆಕ್ಕದಲ್ಲಿ ನಾಯಿ ಇನ್ನೂ ಅವರದ್ದೇ. ‘ಪೇಪರ್ ಆಮೇಲೆ ಬರುತ್ತದೆ’ ಅಂದರೆ ಯಾವ ಕ್ಲಬ್, ಯಾವ ಸೂಲು, ಎಷ್ಟು ದಿನದೊಳಗೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಮೈಕ್ರೋಚಿಪ್ ಹಾಕಿದ್ದರೆ ಮರಿಯ ಹೆಗಲ ಮೇಲೆ ಸ್ಕ್ಯಾನರ್ ಆಡಿಸಲು ಹೇಳಿ. ಪರದೆಯ ಮೇಲೆ ಬರುವ 15 ಅಂಕಿಗಳನ್ನು ಒಂದೊಂದಾಗಿ ಪತ್ರದ ಜೊತೆ ಹೋಲಿಸಿ ನೋಡಿ. ಒಂದು ಅಂಕಿ ತಾಳೆ ಆಗದಿದ್ದರೂ ಆ ಪತ್ರ ಬೇರೆ ಯಾವುದೋ ನಾಯಿಯದ್ದಿರಬಹುದು.